ಆ ಮಳೆ ಯಾರದು?

1915ರ ಡಿಸೆಂಬರ್‌ನಲ್ಲಿ ಅಮೆರಿಕದ ಸಾನ್ ಡಿಯೇಗೊ ನಗರಸಭೆಯ ಮುಂದೆ ಒಂದು ವಿಚಿತ್ರ ಕೋರಿಕೆ ಬಂತು. ನಗರದ ಮೊರೇನಾ ಜಲಾಶಯವನ್ನು ಮಳೆಯಿಂದ ತುಂಬಿಸಿಕೊಡುತ್ತೇನೆ ಎಂದು ಚಾರ್ಲ್ಸ್ ಹ್ಯಾಟ್‌ಫೀಲ್ಡ್ ಎಂಬಾತ ಮುಂದೆ ಬಂದ. ತುಂಬಿದರೆ ಹತ್ತು ಸಾವಿರ ಡಾಲರ್. ತುಂಬದಿದ್ದರೆ ಬಿಡಿಗಾಸೂ ಬೇಡ. ಹೊಲಿಗೆ ಯಂತ್ರ ಮಾರುತ್ತಿದ್ದ ಈತ ಮರದ ಅಟ್ಟಣೆ ಕಟ್ಟಿ, ಅದರ ಮೇಲಿನ ತೊಟ್ಟಿಗಳಲ್ಲಿ ಯಾವುದೋ ರಾಸಾಯನಿಕ ಬೆರೆಸಿ ಅದರ ಆವಿಯನ್ನು ಮುಗಿಲಿಗೆ ಬಿಡುತ್ತಿದ್ದ. ಅದೇನೆಂಬುದನ್ನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ನಷ್ಟವೇನು ಎಂದುಕೊಂಡು ನಗರಸಭೆ ಬಾಯಿಮಾತಿನಲ್ಲಿ ಒಪ್ಪಿತು. ಕರಾರುಪತ್ರಕ್ಕೆ ಸಹಿ ಬೀಳಲಿಲ್ಲ.

ಜನವರಿಯಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಸೇತುವೆಗಳು, ರೈಲುಹಳಿಗಳು ಕೊಚ್ಚಿಹೋದವು. ತಿಂಗಳ ಕೊನೆಗೆ ಲೋವರ್ ಓಟೆ ಅಣೆಕಟ್ಟು ಒಡೆದು ಕಣಿವೆಯ ಜನ ಪ್ರಾಣ ಕಳೆದುಕೊಂಡರು. ಮೊರೇನಾ ತುಂಬಿತ್ತು. ಹ್ಯಾಟ್‌ಫೀಲ್ಡ್ ಹಣ ಕೇಳಿದ. ನಗರದ ವಕೀಲರ ಉತ್ತರ ಜಾಣತನದ್ದು: ಮಳೆ ನಿನ್ನದಾದರೆ ಪ್ರವಾಹದ ನಷ್ಟವೂ ನಿನ್ನದು, ಅದನ್ನು ಕಟ್ಟಿಕೊಟ್ಟು ಹಣ ತೆಗೆದುಕೊ, ಅಲ್ಲವಾದರೆ ಅದು ದೈವದ ಮಳೆ, ನಿನಗೇಕೆ ಹಣ? ಮೊಕದ್ದಮೆ ಎಳೆದಾಡಿ 1938ರಲ್ಲಿ ವಜಾ ಆಯಿತು.

ಹ್ಯಾಟ್‌ಫೀಲ್ಡನನ್ನು ಇಂದು ಯಾರೂ ವಿಜ್ಞಾನಿ ಎನ್ನುವುದಿಲ್ಲ. ಆದರೆ ವಕೀಲರು ಎತ್ತಿದ ಪ್ರಶ್ನೆ ಅವನೊಂದಿಗೆ ಮುಗಿಯಲಿಲ್ಲ.

ಮೋಡವಿದ್ದೂ ಮಳೆ ಏಕೆ ಬಾರದು? ಮೋಡದೊಳಗಿನ ನೀರಹನಿ ಬಹಳ ಸಣ್ಣದು. ಅಂಥ ಸುಮಾರು ಹತ್ತು ಲಕ್ಷ ಹನಿಗಳು ಕೂಡಿದರೆ ಒಂದು ಮಳೆಹನಿ. ಎತ್ತರದ ಮೋಡಗಳಲ್ಲಿ ಇನ್ನೊಂದು ಸೋಜಿಗವಿದೆ. ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿಳಿದರೂ ಅಲ್ಲಿನ ನೀರು ಹೆಪ್ಪುಗಟ್ಟದೆ ನೀರಾಗಿಯೇ ಉಳಿಯಬಲ್ಲದು. ಹಾಲು ಮೊಸರಾಗಲು ಹೆಪ್ಪು ಬೇಕಾದಂತೆ ಈ ಹನಿಗಳಿಗೂ ಒಂದು ಕಣದ ನೆಪ ಬೇಕು. ಒಮ್ಮೆ ಹಿಮದ ಹರಳು ಮೂಡಿತೆಂದರೆ ಅದು ಸುತ್ತಲಿನ ಹನಿಗಳ ಆವಿಯನ್ನು ಕಬಳಿಸಿ ಬೆಳೆದು, ಭಾರವಾಗಿ ಕೆಳಗಿಳಿಯುತ್ತದೆ.

ಆ ಹೆಪ್ಪು ಸಿಕ್ಕಿದ್ದು ಆಕಸ್ಮಿಕವಾಗಿ. 1946ರ ಜುಲೈನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಕೆನೆಕ್ಟಡಿ ಪ್ರಯೋಗಾಲಯದಲ್ಲಿ ವಿನ್ಸೆಂಟ್ ಶೇಫರ್ ಒಂದು ಶೀತಲ ಪೆಟ್ಟಿಗೆಯೊಳಗೆ ಉಸಿರು ಬಿಟ್ಟು ಪುಟ್ಟ ಮೋಡಗಳನ್ನು ಮಾಡುತ್ತಿದ್ದರು. ಹೈಸ್ಕೂಲನ್ನೂ ಮುಗಿಸದೆ ಯಂತ್ರದ ಕೆಲಸಕ್ಕೆ ಸೇರಿದ್ದ ಇವರು ನೊಬೆಲ್ ಪುರಸ್ಕೃತ ಅರ್ವಿಂಗ್ ಲ್ಯಾಂಗ್ಮ್ಯೂರ್ ಅವರ ಬಲಗೈ. ಆ ದಿನ ಸೆಕೆ ಹೆಚ್ಚಿ ಪೆಟ್ಟಿಗೆ ಸಾಕಷ್ಟು ತಣ್ಣಗಾಗಲಿಲ್ಲ. ತಂಪು ಹೆಚ್ಚಿಸಲೆಂದು ಒಣ ಮಂಜುಗಡ್ಡೆಯ, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡಿನ ತುಂಡೊಂದನ್ನು ಹಾಕಿದರು. ತಕ್ಷಣ ಪೆಟ್ಟಿಗೆಯೊಳಗೆ ಲಕ್ಷಾಂತರ ಹಿಮದ ಹರಳುಗಳು ಮಿನುಗಿದವು. ನವೆಂಬರ್ 13ರಂದು ಶೇಫರ್ ವಿಮಾನವೇರಿ ಅದೇ ಪುಡಿಯನ್ನು ನಿಜವಾದ ಮೋಡದ ಮೇಲೆ ಸುರಿದರು. ಮೋಡದಡಿಯಿಂದ ಹಿಮ ಇಳಿಯಿತು. ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್, ಹಿಮದ ಹರಳಿನ ರಚನೆಯನ್ನೇ ಹೋಲುವ ಸಿಲ್ವರ್ ಅಯೋಡೈಡ್ ಕೂಡ ಹೆಪ್ಪಾಗಬಲ್ಲದೆಂದು ಆ ವಾರವೇ ತೋರಿಸಿದರು. ಮೋಡಬಿತ್ತನೆ ಹುಟ್ಟಿದ್ದು ಹೀಗೆ.

ಹುಟ್ಟಿದ ಮರುವರ್ಷವೇ ಹಳೆಯ ವ್ಯಾಜ್ಯ ಎದ್ದಿತು. ಹೊಣೆಗಾರಿಕೆಗೆ ಅಂಜಿದ ಕಂಪನಿ ಹಾರಾಟದ ಕೆಲಸವನ್ನು ಸೇನೆಗೆ ಒಪ್ಪಿಸಿತ್ತು. 1947ರ ಅಕ್ಟೋಬರ್ 13ರಂದು ಸೇನಾ ವಿಮಾನ ಅಟ್ಲಾಂಟಿಕ್‌ನ ಚಂಡಮಾರುತವೊಂದರ ಮೇಲೆ ಒಣ ಮಂಜುಗಡ್ಡೆ ಸುರಿಯಿತು. ಸಮುದ್ರದತ್ತ ಹೊರಟಿದ್ದ ಗಾಳಿ ದಿಕ್ಕು ಬದಲಿಸಿ ಸವಾನಾ ನಗರವನ್ನು ಬಡಿಯಿತು. ಜನ ಸಿಟ್ಟಾದರು. ಲ್ಯಾಂಗ್ಮ್ಯೂರ್ ಮಾತ್ರ ತಿರುಗಿಸಿದ್ದು ನಾವೇ ಇರಬಹುದೆಂದು ಉಬ್ಬಿದರು! ಬಿತ್ತುವ ಮುನ್ನವೇ ಅದು ತಿರುಗತೊಡಗಿತ್ತೆಂಬುದು ಹವಾಮಾನ ತಜ್ಞರ ಅನಂತರದ ಲೆಕ್ಕ. ದೊಡ್ಡ ವಿಜ್ಞಾನಿಯೂ ತನ್ನ ಆಸೆಯನ್ನೇ ಸಾಕ್ಷಿಯೆಂದು ನಂಬಿಬಿಡಬಹುದು.

ಯುದ್ಧ ಮಾಡುವವರಿಗೆ ಸಾಕ್ಷಿಯ ಹಂಗಿರಲಿಲ್ಲ. 1967ರಿಂದ 1972ರವರೆಗೆ ಅಮೆರಿಕ ವಿಯೆಟ್ನಾಂ ಯುದ್ಧದಲ್ಲಿ ಹೋ ಚಿ ಮಿನ್ ದಾರಿಯನ್ನು ಕೆಸರಾಗಿಸಲು ಗುಟ್ಟಾಗಿ ಮೋಡ ಬಿತ್ತಿತು. ಅದು ಬಯಲಾದ ಮೇಲೆ, ಹವೆಯನ್ನು ಅಸ್ತ್ರವಾಗಿಸಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1977ರಲ್ಲಿ ಸಹಿ ಬಿತ್ತು.

ಸಾಕ್ಷಿ ಸಿಗುವುದು ಕಷ್ಟವೇಕೆ? ಒಂದೇ ಊರಿನ ಮಳೆ ವರ್ಷದಿಂದ ವರ್ಷಕ್ಕೆ ಬಹಳ ಏರುಪೇರಾಗಬಲ್ಲದು. ಬಿತ್ತನೆಯಿಂದ ಹೆಚ್ಚುವುದು ನೂರಕ್ಕೆ ಹತ್ತೋ ಹದಿನೈದೋ ಆದರೆ ಆ ಏರುಪೇರಿನಲ್ಲಿ ಅದನ್ನು ಹುಡುಕುವುದೆಂತು? ಬಿತ್ತಿದ ಮೋಡ ಬಿತ್ತದೆಯೂ ಸುರಿಯುತ್ತಿತ್ತೇನೋ. ಉಳಿದ ದಾರಿ ಚೀಟಿ ಎತ್ತುವುದೊಂದೇ. ತಕ್ಕ ಮೋಡ ಕಂಡಾಗ ಚೀಟಿ ಹೇಳಿದರೆ ಬಿತ್ತಬೇಕು, ಬೇಡವೆಂದರೆ ಸುಮ್ಮನೆ ಬಿಡಬೇಕು. ನೂರಾರು ಸಲ ಹೀಗೆ ಮಾಡಿ ಎರಡು ಗುಂಪನ್ನೂ ಹೋಲಿಸಬೇಕು. ಇಸ್ರೇಲ್ 1960ರ ದಶಕದಿಂದ ಹೀಗೆ ಪ್ರಯೋಗ ನಡೆಸಿ ಲಾಭ ಕಂಡಿತೆಂದು ಹೆಸರಾಗಿತ್ತು. ಆದರೆ 2013ರಿಂದ 2020ರವರೆಗೆ ಮತ್ತೆ ಪರೀಕ್ಷಿಸಿದಾಗ ಸಿಕ್ಕ ಹೆಚ್ಚಳ ನೂರಕ್ಕೆ ಎರಡನ್ನೂ ಮುಟ್ಟಲಿಲ್ಲ.

ದಖ್ಖನ್ ಪ್ರಸ್ಥಭೂಮಿಯ ಮುಂಗಾರು ಮೋಡಗಳ ಬುಡ ಬೆಚ್ಚಗಿರುತ್ತದೆ. ಅಲ್ಲಿ ಹಿಮದ ಹೆಪ್ಪು ನಡೆಯದು. ನೀರನ್ನು ಎಳೆದುಕೊಳ್ಳುವ ಉಪ್ಪು ಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 1973ರಿಂದ 1986ರ ನಡುವಿನ ಹನ್ನೊಂದು ಮುಂಗಾರುಗಳಲ್ಲಿ ಬಾರಾಮತಿಯ ಮೇಲೆ ಉಪ್ಪಿನ ಪುಡಿ ಬಿತ್ತಿ, ಮಳೆ ಶೇಕಡ 24ರಷ್ಟು ಹೆಚ್ಚಿತೆಂದು ವರದಿ ಮಾಡಿತು. 2018 ಮತ್ತು 2019ರಲ್ಲಿ ಅದೇ ಸಂಸ್ಥೆ ಮಳೆನೆರಳಿನ ಸೋಲಾಪುರದಲ್ಲಿ 276 ಮೋಡಗಳನ್ನು ಆಯ್ದು, ಕೆಲವನ್ನು ಬಿತ್ತಿ ಕೆಲವನ್ನು ಬಿಟ್ಟು ನೋಡಿತು. ಗಾಳಿ ಬೀಸುವ ಕಡೆಯ ಸುಮಾರು ನೂರು ಚದರ ಕಿಲೋಮೀಟರ್‌ನಲ್ಲಿ ಶೇಕಡ 18ರಷ್ಟು ಹೆಚ್ಚು ಮಳೆ ಕಂಡಿತು. ಇದು ಸಣ್ಣ ಲಾಭವಲ್ಲ. ಆದರೆ ಎಲ್ಲ ಮೋಡವೂ ಬಿತ್ತನೆಗೆ ತಕ್ಕುದಲ್ಲ. ಮೋಡವೇ ಇಲ್ಲದ ಬರಗಾಲದ ಆಕಾಶಕ್ಕೆ ಉಪ್ಪೂ ಉಪಯೋಗವಿಲ್ಲ.

ಕರ್ನಾಟಕ 2003ರಲ್ಲಿ ವರುಣ ಯೋಜನೆ ಕೈಗೊಂಡಿತು. 2017ರ ಆಗಸ್ಟ್ 21ರಂದು ಜಕ್ಕೂರಿನಲ್ಲಿ ವರ್ಷಧಾರೆಗೆ ಚಾಲನೆ ಸಿಕ್ಕಿತು. ಬೆಂಗಳೂರಿನ ಆ ವರ್ಷದ ಮಳೆ ಅಲ್ಲಿಯವರೆಗಿನ ದಾಖಲೆಗಳನ್ನೆಲ್ಲ ಮುರಿಯಿತು. ಆದರೆ ಆ ಮಳೆಗಾಲದ ಒಂದು ದೊಡ್ಡ ಮಳೆ ಸುರಿದು ರಸ್ತೆಗಳು ಹೊಳೆಯಾದದ್ದು ಸ್ವಾತಂತ್ರ್ಯ ದಿನದಂದು, ವಿಮಾನ ಏಳುವ ಮೊದಲೇ. ಅನಂತರ ರಾಜ್ಯದಲ್ಲಿ ಬಿದ್ದದ್ದರಲ್ಲಿ ಬಿತ್ತನೆಯ ಪಾಲನ್ನು ಬೇರ್ಪಡಿಸಬೇಕಾದರೆ ಸೋಲಾಪುರದಂತೆ ಬೇಕೆಂದೇ ಬಿತ್ತದೆ ಬಿಟ್ಟ ಮೋಡಗಳ ಲೆಕ್ಕ ಬೇಕು. ಬರ ಪರಿಹಾರಕ್ಕೆಂದು ಹಾರಿದ ವಿಮಾನ, ಒಣಗಿದ ಹೊಲದ ಮೇಲೆ ಬಂದ ಒಳ್ಳೆಯ ಮೋಡವನ್ನು ಚೀಟಿ ಬೇಡವೆಂದಿತೆಂಬ ಕಾರಣಕ್ಕೆ ಬಿಟ್ಟು ಹಿಂತಿರುಗಿದರೆ, ಕೆಳಗೆ ನಿಂತ ರೈತನಿಗೆ ಏನೆಂದು ಹೇಳುವುದು?