ವಯೋವೃದ್ಧ ಸೇನಾನಿ ಕಾರ್ಯಪ್ಪನವರು

ಹರದನಹಳ್ಳಿಯು ಗೋಸಲ ಚನ್ನಬಸವೇಶ್ವರರ ಸ್ಥಾನವೆಂದೂ, ಅವರ ಶಿಷ್ಯೋತ್ತಮರಾದ ತೋಂಟದ ಸಿದ್ಧಲಿಂಗ ಯತಿಗಳ ಗುರುಸ್ಥಳವೆಂದೂ ಭಕ್ತವೃಂದಕ್ಕೆ ಸುವಿದಿತವಾಗಿರುವುದು. ಗುರುಗಳು ಬೋಧಿಸುವ ಧರ್ಮಗಳಲ್ಲಿ ಮಮಕಾರತ್ಯಾಗವು ಮುಖ್ಯವಾದುದು. ಆದರೆ ಈ ತ್ಯಾಗವು ಕಾವಿಯನ್ನು ಧರಿಸಿದವರಿಗೆ ಮಾತ್ರವೇ ಸಾಧ್ಯವೆಂದು ತಿಳಿಯಲಾಗದು. ಇಲ್ಲಿಂದ ವಾಯವ್ಯಕ್ಕಿರುವ ಕೊಡಗಿನಲ್ಲಿ ಜನಿಸಿ, ಆಯುಧವನ್ನು ಹಿಡಿದು ಬಾಳಿ, ತುಂಬು ಆಯುಷ್ಯವನ್ನು ಕಳೆದ ಒಬ್ಬ ಸೇನಾನಿಯ ಚರಿತ್ರೆಯಲ್ಲಿಯೂ ಅದು ಕಾಣಬರುವುದು.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1899ನೆಯ ಇಸವಿ ಜನವರಿ 28ರಂದು ಶನಿವಾರಸಂತೆಯಲ್ಲಿ ಜನಿಸಿದರು. ತಂದೆಯವರು ಕಂದಾಯ ಇಲಾಖೆಯ ನೌಕರರು. ಮಡಿಕೇರಿಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ಇಂದೂರಿನ ಡೇಲಿ ಕಾಲೇಜಿನಲ್ಲಿ ಸೈನಿಕ ಶಿಕ್ಷಣವನ್ನು ಹೊಂದಿ, 1919ರಲ್ಲಿ ಸೇನಾಧಿಕಾರಿಗಳಾದರು. ಆ ಕಾಲದಲ್ಲಿ ಸೇನೆಯ ಉನ್ನತಾಧಿಕಾರವೆಲ್ಲವೂ ಆಂಗ್ಲೇಯರ ಕೈಯಲ್ಲಿದ್ದಿತು. ಭಾರತೀಯನು ಸೈನ್ಯವನ್ನು ನಡೆಸಲಾರನೆಂಬ ಅಪನಂಬಿಕೆಯೂ ಬಲವಾಗಿದ್ದಿತು. ಕಾರ್ಯಪ್ಪನವರು ವಾದದಿಂದಲ್ಲ, ಕಾರ್ಯದಿಂದಲೇ ಅದಕ್ಕೆ ಉತ್ತರವನ್ನಿತ್ತರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಪ್ರಥಮ ಭಾರತೀಯರು ಅವರೇ. 1942ರಲ್ಲಿ ಒಂದು ಬೆಟಾಲಿಯನ್ನಿನ ಆಧಿಪತ್ಯವನ್ನು ಪಡೆದ ಪ್ರಥಮ ಭಾರತೀಯರೂ ಅವರೇ. ದ್ವಿತೀಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್ ದೇಶಗಳಲ್ಲಿಯೂ ಬರ್ಮಾದಲ್ಲಿಯೂ ಸೇವೆ ಸಲ್ಲಿಸಿದರು.

ದೇಶವು ಸ್ವತಂತ್ರವಾದ ಬಳಿಕ ಕಾಶ್ಮೀರದ ಯುದ್ಧವು ಒದಗಿತು. 1948ರ ಜನವರಿಯಿಂದ ಪಶ್ಚಿಮ ವಿಭಾಗದ ಸೇನೆಯ ಹೊಣೆಯು ಇವರದಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಕೊಡಗಿನವರೇ ಆದ ತಿಮ್ಮಯ್ಯನವರ ನೇತೃತ್ವದಲ್ಲಿ, 11,000 ಅಡಿಗಳಿಗೂ ಮೀರಿದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುಗಳನ್ನು ಹಿಮ್ಮೆಟ್ಟಿಸಿದುದರಿಂದ ಲೇಹದ ದಾರಿಯು ತೆರವಾಯಿತು. 1949ನೆಯ ಇಸವಿ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರವನ್ನು ವಹಿಸಿಕೊಂಡು ಕಾರ್ಯಪ್ಪನವರು ಭಾರತದ ಪ್ರಥಮ ಭಾರತೀಯ ಮಹಾಸೇನಾಧಿಪತಿಗಳಾದರು. ಆ ದಿನವೇ ಪ್ರತಿವರ್ಷವೂ ಸೇನಾದಿನವೆಂದು ಆಚರಿಸಲ್ಪಡುವುದು.

1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ ಹೈಕಮಿಷನರಾಗಿದ್ದು, ಆಮೇಲೆ ಮಡಿಕೇರಿಯ ತಮ್ಮ ಮನೆಯಲ್ಲಿ ನೆಲೆಸಿದರು. ಅಲ್ಲಿಯೇ ಅವರ ನಿಜವಾದ ಪರೀಕ್ಷೆಯು ಬಂದೊದಗಿತು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಅವರ ಪುತ್ರರ ವಿಮಾನವು ಉರುಳಿ, ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಅಲ್ಲಿ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಸೇವೆ ಮಾಡಿದ್ದವರು. ಹಳೆಯ ಅಧಿಕಾರಿಯ ಮೇಲಿನ ಗೌರವದಿಂದ ಪುತ್ರರನ್ನು ಬಿಡುಗಡೆ ಮಾಡುವೆವೆಂದು ಅವರು ಹೇಳಿಕಳುಹಿಸಿದಾಗ, ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಬೇಕೆಂದು ಈ ತಂದೆಯು ಉತ್ತರಿಸಿದರೆಂಬುದು ಪ್ರಸಿದ್ಧವಾಗಿರುವುದು. ಮಗನ ಪ್ರಾಣವು ಶತ್ರುವಿನ ಕೈಯಲ್ಲಿರುವಾಗ ಇಂತಹ ಮಾತನ್ನಾಡುವುದು ರಣರಂಗದ ಶೌರ್ಯಕ್ಕಿಂತಲೂ ಕಠಿನವಾದುದು. ಪುತ್ರರು ಮರುವರ್ಷ ಇತರ ಸೆರೆಯಾಳುಗಳೊಡನೆಯೇ ಹಿಂದಿರುಗಿದರು.

ವೃದ್ಧಾಪ್ಯದಲ್ಲಿಯೂ ಅವರು ಶಿಸ್ತನ್ನು ಸಡಿಲಿಸಲಿಲ್ಲ. ಮಾಜಿ ಸೈನಿಕರ ಕ್ಷೇಮಚಿಂತನೆಯನ್ನು ಬಿಡಲಿಲ್ಲ. 1986ರಲ್ಲಿ, 87ರ ಪ್ರಾಯದಲ್ಲಿ, ಫೀಲ್ಡ್ ಮಾರ್ಷಲ್ ಪದವಿಯು ಅವರಿಗೆ ದತ್ತವಾಯಿತು. 1993ನೆಯ ಇಸವಿ ಮೇ 15ರಂದು ಬೆಂಗಳೂರಿನಲ್ಲಿ, ನಿದ್ರೆಯಲ್ಲಿರುವಾಗಲೇ, ತಮ್ಮ 94ನೆಯ ವಯಸ್ಸಿನಲ್ಲಿ ದೇಹವನ್ನು ತ್ಯಜಿಸಿದರು. ಎರಡು ದಿನಗಳ ಮೇಲೆ ಮಡಿಕೇರಿಯಲ್ಲಿ, ಮೂರು ಸೇನೆಗಳ ಮುಖ್ಯಸ್ಥರೂ ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ ಅವರೂ ನೋಡುತ್ತಿರಲು, ಅಂತ್ಯಕ್ರಿಯೆಯು ನೆರವೇರಿತು.

ಪದವಿಗಳು ಹಲವರಿಗೆ ಬರುವುವು. ಪದವಿಯಿಂದ ಬಂದ ಅನುಕೂಲವನ್ನು ಬೇಡವೆನ್ನುವ ಬಲವು ಕೆಲವರಿಗೆ ಮಾತ್ರ. ತನ್ನ ಮಗನೆಂಬ ಮಮತೆಯನ್ನು ಪರರ ಮಕ್ಕಳ ಸರಿಸಮಕ್ಕೆ ಇಳುಹಿದ ಆ ಒಂದು ಗಳಿಗೆಯಲ್ಲಿ ಕಾರ್ಯಪ್ಪನವರು ಗೆದ್ದ ಯುದ್ಧಕ್ಕೆ ಪದಕವಿಲ್ಲ. ಮಕ್ಕಳನ್ನು ಸಾಕುವ ಗೃಹಸ್ಥ ಭಕ್ತರು ಸ್ಮರಿಸಿಕೊಳ್ಳತಕ್ಕುದು ಆ ಗೆಲವನ್ನೇ.