ಅಣುಜೀವಿಗಳ ದುರ್ಭಿಕ್ಷನೀತಿ

ದುರ್ಭಿಕ್ಷವು ತಲೆದೋರಿದಾಗ ವಿವೇಕಿಯಾದ ಗೃಹಸ್ಥನು ಮನೆ ಕಟ್ಟಿಸುವ ಕೆಲಸವನ್ನು ನಿಲ್ಲಿಸಿ ಕಣಜದ ಕಡೆಗೆ ದೃಷ್ಟಿಯನ್ನು ತಿರುಗಿಸುತ್ತಾನೆ. ಕಣ್ಣೂ ಮನಸ್ಸೂ ಇಲ್ಲದ ಬ್ಯಾಕ್ಟೀರಿಯಾಗಳಲ್ಲಿಯೂ ಇಂತಹುದೊಂದು ಕ್ರಮವುಂಟು. ಅದು ಮನುಷ್ಯನಿಗೆ ತಿಳಿದುಬಂದ ಬಗೆಯನ್ನು ವಾಚಕರ ಮುಂದಿಡುವುದೇ ಇಲ್ಲಿಯ ಉದ್ದೇಶ.

೧೯೪೦ರಲ್ಲಿ ಪ್ಯಾರಿಸ್ ನಗರವು ಜರ್ಮನರ ವಶವಾಯಿತು. ಆ ಸಂಕಟಕಾಲದಲ್ಲಿ ಜಾಕ್ ಮೊನೊ ಎಂಬ ತರುಣ ವಿಜ್ಞಾನಿಯು ಸೋರ್ಬೋನ್ ವಿದ್ಯಾಪೀಠದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳಿಗೆ ಗ್ಲೂಕೋಸ್, ಲ್ಯಾಕ್ಟೋಸ್ ಎಂಬ ಎರಡು ಸಕ್ಕರೆಗಳನ್ನು ಬೆರಸಿ ಉಣಿಸಿ ನೋಡುತ್ತಿದ್ದನು. ಅವು ಮೊದಲು ಗ್ಲೂಕೋಸನ್ನೇ ಉಂಡು ವೃದ್ಧಿಹೊಂದಿದುವು. ಅದು ತೀರಿದೊಡನೆ ವೃದ್ಧಿಯು ನಿಂತಿತು. ಕೆಲವು ಹೊತ್ತಿನ ಮೇಲೆ ಲ್ಯಾಕ್ಟೋಸನ್ನುಂಡು ಮರಳಿ ಬೆಳೆದುವು. ಈ ನಡುವಣ ಬಿಡುವಿಗೆ ಕಾರಣವೇನು? ಹೊಸ ಆಹಾರಕ್ಕೆ ತಕ್ಕ ಕಿಣ್ವವನ್ನು ಸಿದ್ಧಗೊಳಿಸುವ ಕಾಲವದಾಗಿರಬಹುದೆಂದು ಪಾಸ್ತರ್ ಸಂಸ್ಥೆಯ ಆಂದ್ರೆ ಲ್ವೋಫನು ಸೂಚಿಸಿದನು.

ಲ್ಯಾಕ್ಟೋಸೇ ಪ್ರೇರಕವಾಗಿ ಕಿಣ್ವವನ್ನು ಹುಟ್ಟಿಸುವುದೆಂದು ಮೊನೊ ಬಹುಕಾಲ ನಂಬಿದ್ದನು. ಆದರೆ ಆತನು ಫ್ರಾಂಸ್ವಾ ಜಾಕೋಬ್, ಆರ್ಥರ್ ಪಾರ್ಡಿ ಇವರೊಡನೆ ನಡೆಸಿ ೧೯೫೯ರಲ್ಲಿ ಪ್ರಕಟಿಸಿದ ಪ್ರಯೋಗವೇ ಆ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ನುಡಿಯಿತು. ಕಿಣ್ವದ ಜೀನು ಕೋಶದಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ಅದನ್ನು ಒಂದು ತಡೆಕಾರಕವು ಅದುಮಿರುತ್ತದೆ. ಲ್ಯಾಕ್ಟೋಸ್ ಒದಗಿದಾಗ ಆ ತಡೆಯು ಸಡಿಲುತ್ತದೆ. ಮೊನೊ ತನ್ನ ಹಳೆಯ ಮತವನ್ನು ತೊರೆದನು. ೧೯೬೧ರಲ್ಲಿ ಆತನೂ ಜಾಕೋಬನೂ ಪ್ರಕಟಿಸಿದ ಪ್ರಬಂಧವು ಜೀವಶಾಸ್ತ್ರಕ್ಕೆ ಹೊಸ ದಾರಿಯನ್ನು ತೆರೆಯಿತು; ೧೯೬೫ರಲ್ಲಿ ಇವರಿಬ್ಬರಿಗೂ ಲ್ವೋಫನಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಸಕ್ಕರೆಯ ಕೊರತೆಯೊಂದೇ ಕ್ಷಾಮವಲ್ಲ. ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳು ತೀರಿದರೆ ಗತಿಯೇನು? ೧೯೬೯ರಲ್ಲಿ ಮೈಕೇಲ್ ಕ್ಯಾಶೆಲ್, ಜೊನಾಥನ್ ಗ್ಯಾಲಂಟ್ ಎಂಬವರು ಹಸಿದ ಬ್ಯಾಕ್ಟೀರಿಯಾಗಳಲ್ಲಿ ಎರಡು ಹೊಸ ವಸ್ತುಗಳನ್ನು ಕಂಡರು. ಪರೀಕ್ಷೆಯಲ್ಲಿ ಮೂಡಿದ ಅವುಗಳ ಕಲೆಗಳಿಗೆ ಮಾಯಾಬಿಂದುಗಳೆಂದು ಹೆಸರಾಯಿತು. ಪ್ರೋಟೀನನ್ನು ನೇಯುವ ರೈಬೋಸೋಮಿನ ಬಳಿಗೆ ವಾಹಕ ಆರ್‌ಎನ್‌ಎಯು ಬರಿಗೈಯಲ್ಲಿ ಬಂದಾಗ ಒಂದು ಕಿಣ್ವವು ಈ ವಸ್ತುಗಳನ್ನು ತಯಾರಿಸುತ್ತದೆ. ಆಗ ಹೊಸ ರೈಬೋಸೋಮುಗಳನ್ನು ಕಟ್ಟುವ ಕೆಲಸವು ಬಹುಮಟ್ಟಿಗೆ ನಿಲ್ಲುತ್ತದೆ. ಅಮೈನೋ ಆಮ್ಲಗಳನ್ನು ತಯಾರಿಸುವ ಜೀನುಗಳು ಎಚ್ಚರಗೊಳ್ಳುತ್ತವೆ. ಗೃಹಸ್ಥನ ನೀತಿಯೂ ಇದೇ ಅಲ್ಲವೆ?

ಈ ವಿಚಾರವು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ಅನೇಕ ಔಷಧಿಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನೇ ಚೆನ್ನಾಗಿ ಕೊಲ್ಲುತ್ತವೆ. ಹಸಿದು ಸುಮ್ಮನಿರುವವು ಎಷ್ಟೋ ವೇಳೆ ತಪ್ಪಿಸಿಕೊಂಡು, ಮುಂದೆ ರೋಗವನ್ನು ಮರುಕಳಿಸಬಲ್ಲವು. ಆದುದರಿಂದ ಮೊನೊ ಕಂಡ ಆ ಅಲ್ಪಕಾಲದ ಬಿಡುವನ್ನು ಅರಿಯಹೊರಟ ವಿದ್ಯೆಯು ಇಂದು ರೋಗಿಯ ಹಾಸಿಗೆಯವರೆಗೂ ಬಂದು ನಿಂತಿದೆ.