ಗಾಳದ ವಿನೋದವೂ ಎಡೆದೊರೆನಾಡೂ

ಬೆಟ್ಟದ ಮರೆಯ ಹಳೆಯ ಹಳ್ಳಿ, ಅದರ ಅಂಚಿನಲ್ಲಿ ತಿಳಿನೀರಿನ ತೊರೆ, ಗರಿಯನ್ನೂ ನೂಲನ್ನೂ ಸುತ್ತಿ ನೊಣದಂತೆ ತೋರುವ ಎರೆಯನ್ನು ಗಾಳಕ್ಕೆ ಕಟ್ಟಿ ದಡದಲ್ಲಿ ನಿಂತ ವಿಹಾರಿ: ಗಾಳದ ವಿನೋದವೆಂದೊಡನೆ ವಿದ್ಯಾವಂತರ ಕಣ್ಣಮುಂದೆ ಸುಳಿಯುವುದು ಈ ಚಿತ್ರ. ಇದು ಆಂಗ್ಲರೊಡನೆ ನಮ್ಮಲ್ಲಿಗೆ ಬಂದ ಹವ್ಯಾಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಮ್ಯಾಸಿಡೋನಿಯದ ಜನರು ಕೃತಕ ನೊಣದಿಂದ ಮೀನು ಹಿಡಿಯುತ್ತಿದ್ದುದನ್ನು ರೋಮಿನ ಏಲಿಯನ್ ಎಂಬ ಲೇಖಕನು ಸುಮಾರು ಕ್ರಿ. ಶ. 200ರಲ್ಲಿ ಬರೆದಿಟ್ಟನು. ಇಂಗ್ಲಿಷಿನಲ್ಲಿ ಗಾಳವಿದ್ಯೆಯ ಪ್ರಬಂಧವೊಂದು 1496ರಲ್ಲಿ ಅಚ್ಚಾಯಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ಪುಸ್ತಕವು ನಮ್ಮ ಹೊಳೆಗಳ ಮಹಶೀರ್ ಮೀನನ್ನು ಆಂಗ್ಲ ವಿಹಾರಿಗಳಲ್ಲಿ ಪ್ರಸಿದ್ಧಗೊಳಿಸಿತು.

ಆದರೆ ಈ ಇಂಗ್ಲಿಷ್ ಪ್ರಬಂಧಕ್ಕಿಂತ ಮೂರೂವರೆ ಶತಮಾನಗಳಷ್ಟು ಮೊದಲೇ ಕನ್ನಡ ನಾಡನ್ನಾಳಿದ ದೊರೆಯೊಬ್ಬನು ಗಾಳವನ್ನು ಕುರಿತು ಬರೆದಿದ್ದನು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಮೀನುಗಳಲ್ಲಿ ಸಮುದ್ರದವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ಅವನು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ತಕ್ಕದ್ದೆಂಬುದನ್ನೂ, ಕೋಲು, ದಾರ, ಕೊಕ್ಕೆಗಳ ವಿಚಾರವನ್ನೂ ವಿವರಿಸುತ್ತಾನೆ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದರು.

ಅರಮನೆಯಲ್ಲಿ ಕುಳಿತು ಇಷ್ಟನ್ನು ಅರಿಯಲು ಸಾಧ್ಯವೆ? ಸಾಧ್ಯವಿಲ್ಲವೆಂದೇ ನಮ್ಮ ಎಣಿಕೆ. ಗ್ರಂಥಕ್ಕೆ ಅರಸನ ಹೆಸರು ನಿಂತಿತು. ನೀರನ್ನೂ ಮೀನನ್ನೂ ಬಲ್ಲ ಬೆಸ್ತರ ಹೆಸರುಗಳು ಉಳಿಯಲಿಲ್ಲ.

ಈ ಮಾತು ರಾಯಚೂರಿನವರಿಗೆ ದೂರದ್ದಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಇದು ಸೋಮೇಶ್ವರನ ಮನೆತನವು ಆಳಿದ ನಾಡು. ದೇವದುರ್ಗದ ಎಲ್ಲೆಗೆ ಕೃಷ್ಣೆ, ಮಾನ್ವಿಯ ಎಲ್ಲೆಗೆ ತುಂಗಭದ್ರೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರೆಂಬ ಗ್ರಾಮವಿದೆ. ಅಲ್ಲಿ ಬೆಟ್ಟದ ತೊರೆಯಿಲ್ಲ. ಮಲೆಶಂಕರನ ಗುಡಿಯೂ ಇತರ ಹಳೆಯ ದೇವಾಲಯಗಳೂ ಶಾಸನಗಳೂ ಇವೆ. ಅವನ್ನು ನೋಡಲು ಹೋದ ನಾವು ಕಲ್ಲನ್ನು ಓದಿ ಹಿಂದಿರುಗುತ್ತೇವೆ; ಹೊಳೆಯನ್ನು ಓದುವುದಿಲ್ಲ. ಎಡೆದೊರೆಯ ಚರಿತ್ರೆಯೆಂದರೆ ಕೋಟೆ ಕೊತ್ತಲಗಳೂ, ಕೃಷ್ಣದೇವರಾಯನ 1520ರ ರಾಯಚೂರು ಯುದ್ಧವೂ ಎಂದಾಗಿಬಿಟ್ಟಿದೆ.

ಹೊಳೆಗೂ ಚರಿತ್ರೆಯುಂಟು, ಅದು ಬದಲಾಗುತ್ತಲೂ ಇದೆ. ತುಂಗಭದ್ರೆಗೆ 1953ರಲ್ಲಿಯೂ, ಕೃಷ್ಣೆಗೆ ನಾರಾಯಣಪುರದಲ್ಲಿ 1982ರಲ್ಲಿಯೂ ಅಣೆಕಟ್ಟುಗಳಾದವು. ಅವುಗಳಿಂದ ಹೊಲಗಳಿಗೆ ನೀರು ಬಂದಿತೆಂಬುದು ನಿರ್ವಿವಾದ. ಆದರೆ ಹೊಸನೀರಿಗೆ ಎದುರಾಗಿ ಏರಿ ಮೊಟ್ಟೆಯಿಡುವ ಮೀನಿಗೆ ಅಣೆಯೇ ಗೋಡೆಯಾಗುತ್ತದೆ. ಕಬಿನಿಯಲ್ಲಿ 1946ರಲ್ಲಿ ವಾನ್ ಇಂಗೆನ್ ಎಂಬವರ ಗಾಳಕ್ಕೆ 120 ಪೌಂಡಿನ ಮಹಶೀರ್ ಸಿಕ್ಕಿತು; ಕಾವೇರಿ ಸೀಮೆಯ ಗೂನುಬೆನ್ನಿನ ಆ ಮಹಶೀರ್ 2018ರಲ್ಲಿ ಅಳಿವಿನ ತೀರ ಸಮೀಪಕ್ಕೆ ಬಂದಿರುವ ಜಾತಿಗಳ ಪಟ್ಟಿಯನ್ನು ಸೇರಿತು.

ಆದಕಾರಣ ಗಬ್ಬೂರಿಗೆ ಹೋಗುವ ವಿದ್ಯಾವಂತರು ಇನ್ನಷ್ಟು ದೂರ ನಡೆದು ಕೃಷ್ಣೆಯ ದಡವನ್ನೂ ಕಾಣಬೇಕೆಂಬುದು ನಮ್ಮ ಬಿನ್ನಹ. ಅಲ್ಲಿನ ಹಿರಿಯ ಅಂಬಿಗರನ್ನು ಕೇಳಿ, ಅವರು ಬಲ್ಲ ಮೀನುಗಳ ಹೆಸರನ್ನೂ, ಯಾವ ಮಡುವಿನಲ್ಲಿ ಯಾವುದು ಸಿಕ್ಕುತ್ತಿತ್ತೆಂಬುದನ್ನೂ ಬರೆದುಕೊಳ್ಳಬೇಕು. ಈ ಸಲ ಬರೆಹದಲ್ಲಿ ಹೇಳಿದವರ ಹೆಸರೂ ಇರಲಿ.